ಎಂ.ಎಸ್. ರೋಗಿಗಳ ಆಯಾಸ: ಬೆಳಕಿನ ಪೆಟ್ಟಿಗೆ ನೆರವಾದೀತೇ?

ಚಾಮರಾಜನಗರ: ರಾತ್ರಿಯಿಡೀ ನಿದ್ರಿಸಿ ಎದ್ದರೂ ಬೆಳಿಗ್ಗೆ ಹತ್ತರ ಹೊತ್ತಿಗೆ ಮೈಕೈ ಸೋತು ಕೂರುವವರನ್ನು ಮನೆಮಂದಿ ಸೋಮಾರಿಗಳೆಂದು ಗದರುವುದುಂಟು. ಮಲ್ಟಿಪಲ್ ಸ್ಕ್ಲೆರೋಸಿಸ್, ಅರ್ಥಾತ್ ಎಂ.ಎಸ್. ಇರುವವರ ಪಾಲಿಗೆ ಅದು ರೋಗದ್ದೇ ಲಕ್ಷಣ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯ ಮೇಲೆ ದಾಳಿ ನಡೆಸುವ ಈ ಕಾಯಿಲೆಯಲ್ಲಿ ಬಹುಪಾಲು ರೋಗಿಗಳನ್ನು ಆಯಾಸ ಕಾಡುತ್ತದೆ.

ಅದಕ್ಕೆ ನೆಚ್ಚಬಹುದಾದ ಮಾತ್ರೆ ಇಲ್ಲ. ಅಮಂಟಡೀನ್, ಮೊಡಾಫಿನಿಲ್, ಮೀಥೈಲ್‌ಫೆನಿಡೇಟ್ ಔಷಧಗಳು ಹುಸಿಮಾತ್ರೆಗಿಂತ ಹೆಚ್ಚಿನ ಫಲ ನೀಡಲಿಲ್ಲವೆಂದು 2021ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತಿಳಿಸಿತು. ಬೆಳಕಿನ ಚಿಕಿತ್ಸೆಯತ್ತ ಗಮನ ಹರಿದಿರುವುದು ಈ ಕಾರಣಕ್ಕೇ.

ಚಳಿಗಾಲದ ಖಿನ್ನತೆಗೆ ಈ ಚಿಕಿತ್ಸೆ 1984ರಿಂದಲೂ ಪರಿಚಿತ. ಹತ್ತು ಸಾವಿರ ಲಕ್ಸ್ ಪ್ರಖರತೆಯ ದೀಪದ ಪೆಟ್ಟಿಗೆಯ ಮುಂದೆ ಬೆಳಿಗ್ಗೆ ಅರ್ಧ ಗಂಟೆ ಕೂರುವುದು ವಾಡಿಕೆಯ ಕ್ರಮ. ಅಕ್ಷಿಪಟಲದ ವಿಶೇಷ ಜೀವಕೋಶಗಳು ಆ ಬೆಳಕನ್ನು ಗ್ರಹಿಸಿ, ಮಿದುಳಿನ ದಿನಚರಿ ಗಡಿಯಾರಕ್ಕೆ ಎಚ್ಚರದ ಸಂದೇಶ ಕಳುಹಿಸುತ್ತವೆ. ಇದಕ್ಕೂ ವಿಟಮಿನ್ 'ಡಿ'ಗೂ ಸಂಬಂಧವಿಲ್ಲ. ಈ ದೀಪಗಳಲ್ಲಿ ಅತಿನೇರಳೆ ಕಿರಣಗಳನ್ನು ಸೋಸಲಾಗಿರುತ್ತದೆ.

ಫಲಿತಾಂಶ? ಬಾಸ್ಟನ್ನಿನ ವೈದ್ಯರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂ.ಎಸ್. ರೋಗಿಗಳು ನಾಲ್ಕು ವಾರ, ದಿನಕ್ಕೆರಡು ಬಾರಿ ಒಂದೊಂದು ಗಂಟೆ ದೀಪದ ಮುಂದೆ ಕುಳಿತರು. ಒಂದು ಗುಂಪಿಗೆ ಪ್ರಖರ ಬಿಳಿ ಬೆಳಕು, ಇನ್ನೊಂದಕ್ಕೆ ಮಂದ ಕೆಂಪು ಬೆಳಕು. ಸ್ವಾರಸ್ಯವೆಂದರೆ ಎರಡೂ ಗುಂಪಿನವರ ಆಯಾಸ ತಗ್ಗಿತು. ಗಮನಾರ್ಹ ಅಂತರ ಕಾಣಲಿಲ್ಲ. ದಿನವೂ ಒಂದೆಡೆ ನೆಮ್ಮದಿಯಾಗಿ ಕೂರುವುದೇ ಅರ್ಧ ಔಷಧವಾಯಿತೋ ಏನೋ! ಅಧ್ಯಯನ ಚಿಕ್ಕದು, ಕೊನೆಯ ಮಾತೂ ಅಲ್ಲ. ಆದರೆ ಸಾವಿರಾರು ರೂಪಾಯಿ ತೆತ್ತು ಪೆಟ್ಟಿಗೆ ತರಿಸುವ ಮುನ್ನ ಇದು ನೆನಪಿರಲಿ.

ಸೂರ್ಯಕಾಂತಿ ಹೊಲಗಳ ಗುಂಡ್ಲುಪೇಟೆಯಲ್ಲಿ ದೀಪವೇಕೆ ಎಂಬ ಪ್ರಶ್ನೆ ಸಹಜ. ನಿಚ್ಚಳ ಹಗಲಿನಲ್ಲಿ ಬಯಲಿನ ನೆರಳಲ್ಲೇ ಹತ್ತು ಸಾವಿರ ಲಕ್ಸ್ ದೊರೆಯುತ್ತದೆ. ಮನೆಯೊಳಗೆ ಕೆಲವು ನೂರು ಮಾತ್ರ. ತೊಡಕಿರುವುದು ಬಿಸಿಲಿನ ಝಳದಲ್ಲಿ. ಮೈ ಕಾದರೆ ಎಂ.ಎಸ್. ಲಕ್ಷಣಗಳು ತಾತ್ಕಾಲಿಕವಾಗಿ ಉಲ್ಬಣಿಸುತ್ತವೆ. ದೇಹಶ್ರಮದ ಬಳಿಕ ರೋಗಿಗಳ ದೃಷ್ಟಿ ತಾತ್ಕಾಲಿಕವಾಗಿ ಮಂಕಾಗುವುದನ್ನು ಜರ್ಮನಿಯ ನೇತ್ರತಜ್ಞ ವಿಲ್ಹೆಲ್ಮ್ ಊಟ್ಹಾಫ್ 1890ರಲ್ಲೇ ಗುರುತಿಸಿದ್ದರು. ಆದ್ದರಿಂದ ಮಧ್ಯಾಹ್ನದ ಹೊಲಕ್ಕಿಂತ ಬೆಳಗಿನ ಜಗುಲಿಯೇ ಲೇಸು.

ಅಕ್ಷಿಪಟಲದ ತೊಂದರೆ ಇರುವವರು, ಕಣ್ಣಿನ ನರದ ಉರಿಯೂತ ಅನುಭವಿಸಿದವರು, ಬೈಪೋಲಾರ್ ಮನೋರೋಗಿಗಳು ವೈದ್ಯರನ್ನು ಕೇಳದೆ ಪ್ರಖರ ದೀಪ ಬಳಸಬಾರದು. ರಕ್ತಹೀನತೆ, ಥೈರಾಯ್ಡ್, ನಿದ್ರಾದೋಷಗಳೂ ಆಯಾಸಕ್ಕೆ ಕಾರಣವಾಗಬಲ್ಲವು. ಮೊದಲು ಅವುಗಳ ತಪಾಸಣೆಯಾಗಲಿ. ಎಂ.ಎಸ್. ಔಷಧವನ್ನಂತೂ ನಿಲ್ಲಿಸಕೂಡದು.

ಚಾಮರಾಜನಗರ, ಗುಂಡ್ಲುಪೇಟೆ ಎರಡರಿಂದಲೂ ಮೈಸೂರು ಸುಮಾರು 60 ಕಿ.ಮೀ. ನರರೋಗ ತಜ್ಞರನ್ನು ಕಾಣಲು ಅಲ್ಲಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೊರಡುವವರು ಯಾವ ಹೊತ್ತಿನಲ್ಲಿ, ಯಾವ ಕೆಲಸದ ನಂತರ ಆಯಾಸ ಹೆಚ್ಚುತ್ತದೆಂಬುದನ್ನು ಎರಡು ವಾರ ಬರೆದಿಟ್ಟು ಒಯ್ಯುವುದು ಒಳಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಎಂ.ಎಸ್. ಕೂಡ ಇದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗಲೂ ಈ ಬರಹ ಜತೆಗಿರಲಿ.