ಗೋಡೆಯೊಳಗೆ ಪೈಪಿನ ದಾರಿ

ಗೋಡೆ ಎದ್ದು, ಮೋಲ್ಡ್ ಹಾಕಿ, ಪ್ಲಾಸ್ಟರಿಂಗ್ ಇನ್ನೂ ಶುರುವಾಗದ ದಿನಗಳಲ್ಲಿ ವೈರಿಂಗಿನವರು ಬರುತ್ತಾರೆ. ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಬೀಳುತ್ತದೆ, ವೈರಿನ ಪೈಪಿಗೆ ತೋಡು ಕೊರೆಯಲು ಕಟಿಂಗ್ ಮಷೀನ್ ಚೀರತೊಡಗುತ್ತದೆ. ಮನೆ ಕಟ್ಟಿಸುವವರು ಆ ಧೂಳಿಗೆ ಹೆದರಿ ಅಂದು ಸೈಟಿನತ್ತ ಸುಳಿಯುವುದಿಲ್ಲ. ತಪ್ಪದೆ ಹೋಗಿ ನಿಲ್ಲಬೇಕಾದ ದಿನ ಅದೇ ಎಂದು ನಾನು ಹೇಳುತ್ತೇನೆ.

ಗೋಡೆಯಲ್ಲಿ ಭಾರ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ನೆಟ್ಟಗೆ ಮೇಲಿನಿಂದ ಕೆಳಕ್ಕೆ ಕೊರೆದ ತೋಡು ತನ್ನ ಅಗಲದಷ್ಟು ಜಾಗವನ್ನು ಮಾತ್ರ ತೆಳುವಾಗಿಸುತ್ತದೆ. ಭಾರ ಅದರ ಎರಡೂ ಪಕ್ಕದಲ್ಲಿ ದಾರಿ ಹುಡುಕಿಕೊಳ್ಳುತ್ತದೆ. ಅಡ್ಡ ತೋಡು ಹಾಗಲ್ಲ. ಅದು ಹಾದುಹೋದ ಉದ್ದಕ್ಕೂ ಮೇಲಿನ ಗೋಡೆಯೆಲ್ಲ ಸಣಕಲು ಸೊಂಟದ ಮೇಲೆ ನಿಲ್ಲಬೇಕು. 100 ಮಿ.ಮೀ. ದಪ್ಪದ ಗೋಡೆಯನ್ನು 25 ಮಿ.ಮೀ. ಆಳಕ್ಕೆ ಅಡ್ಡ ಕೊರೆದರೆ ಉಳಿಯುವುದು 75. ಆ 75ರ ನಡುಮಧ್ಯ, ಮೊದಲಿದ್ದ ನಡುವಿನಿಂದ 12.5 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಭಾರ ನೆಟ್ಟಗೆ ಕೂರದೆ ಗೋಡೆಯನ್ನು ಬಾಗಿಸಲು ನೋಡುತ್ತದೆ. ಇಟ್ಟಿಗೆ ಗೋಡೆ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಬಾಗುವುದನ್ನು ತಾಳದು.

ಭಾರ ಹೊರುವ ಗೋಡೆಗಳಿಗೆ ನಮ್ಮ ದೇಶದ ಮಾನಕ ಐಎಸ್ 1905 ಹಾಕಿರುವ ಮಿತಿಗಳು ಈ ಲೆಕ್ಕದಿಂದಲೇ ಬಂದವು. ನೆಟ್ಟನೆಯ ತೋಡಿನ ಆಳ ಗೋಡೆಯ ದಪ್ಪದ ಮೂರನೆಯ ಒಂದು ಭಾಗ ಮೀರಬಾರದು, ಅಡ್ಡ ತೋಡಿನದು ಆರನೆಯ ಒಂದು ಭಾಗ. ಅಡ್ಡ ತೋಡು ಒಂದೇ ಸಮನೆ 1 ಮೀಟರ್‌ಗಿಂತ ಉದ್ದ ಹೋಗಬಾರದು. ನೆಟ್ಟನೆಯ ತೋಡುಗಳ ನಡುವೆ ಕನಿಷ್ಠ 2 ಮೀಟರ್ ಅಂತರವಿರಬೇಕು. 230 ಮಿ.ಮೀ.ನ 9 ಇಂಚು ಗೋಡೆಯಲ್ಲಿ ಆರನೆಯ ಒಂದು ಭಾಗವೆಂದರೆ ಸುಮಾರು 38 ಮಿ.ಮೀ.; 20 ಅಥವಾ 25 ಮಿ.ಮೀ. ಪೈಪು ಆರಾಮವಾಗಿ ಕೂರುತ್ತದೆ. ಅರ್ಧ ಇಟ್ಟಿಗೆಯ ಗೋಡೆ ಭಾರ ಹೊರುತ್ತಿದ್ದರೆ ಅದನ್ನು ಕೊರೆಯಲೇಬಾರದು.

ನಮ್ಮ ಈಗಿನ ಮನೆಗಳು ಹೆಚ್ಚಾಗಿ ಪಿಲ್ಲರ್-ಬೀಮಿನವು, 4 ಇಂಚಿನ ಗೋಡೆ ತನ್ನ ಭಾರವನ್ನಷ್ಟೇ ಹೊರುತ್ತದೆ. ಹಾಗೆಂದು ಮನಬಂದಂತೆ ಕಡಿಯಲು ಬಾರದು. ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಎರಡು ಸ್ವಿಚ್ ಬಾಕ್ಸ್ ಕೂರಿಸಿದರೆ ತಲಾ 2 ಇಂಚು ಆಳಕ್ಕೆ ಗೋಡೆಯೇ ಮುಗಿಯಿತು. ಒಂದು ಬಾಕ್ಸನ್ನು ಒಂದಡಿ ಪಕ್ಕಕ್ಕೆ ಸರಿಸಿದರೆ ಸಾಕು. ಬಾಗಿಲು-ಕಿಟಕಿಗಳ ನಡುವಿನ ಕಿರಿದಾದ ಗೋಡೆಯನ್ನೂ ಬಿಟ್ಟುಬಿಡಿ. ಪಿಲ್ಲರ್, ಬೀಮ್, ಲಿಂಟೆಲ್‌ಗಳಿಗಂತೂ ಮಷೀನ್ ತಾಗಲೇಬಾರದು: ಒಳಗಿನ ಕಬ್ಬಿಣವನ್ನು ತುಕ್ಕಿನಿಂದ ಕಾಯುವ ಕಾಂಕ್ರೀಟ್ ಹೊದಿಕೆ ಬೀಮಿನಲ್ಲಿ ಸಾಮಾನ್ಯವಾಗಿ 25 ಮಿ.ಮೀ. ಮಾತ್ರ ಇರುತ್ತದೆ.

ಕೊರೆಯುವ ರೀತಿಯೂ ಮುಖ್ಯ. ಮೊದಲು ಮಷೀನಿನಿಂದ ಎರಡು ಸಮಾನಾಂತರ ಗೆರೆ ಕುಯ್ದು, ನಡುವಿನದನ್ನು ಮಾತ್ರ ಚಾಣದಿಂದ ಮೆಲ್ಲನೆ ಎಬ್ಬಿಸಬೇಕು. ಗೆರೆ ಕುಯ್ಯದೆ ಸುತ್ತಿಗೆಯಿಂದಲೇ ಬಡಿದರೆ ತೆಳುಗೋಡೆ ಅದುರುತ್ತದೆ, ಇನ್ನೂ ಬಲಿಯದ ಗಾರೆಯ ಸಂದುಗಳು ಬಿಡುತ್ತವೆ. ಗೋಡೆಗೆ ನೀರು ಹಾಕುವ ದಿನಗಳು ಮುಗಿಯುವ ತನಕ ವೈರಿಂಗಿನವರನ್ನು ಕಾಯಿಸಿ.

ಕೊರೆಯುವಾಗ ಏಳುವ ಇಟ್ಟಿಗೆ, ಸಿಮೆಂಟು, ಮರಳಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅತಿ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲೇ ಉಳಿಯುತ್ತವೆ. ವರ್ಷಗಟ್ಟಲೆ ಸೇರಿದರೆ ಸಿಲಿಕೋಸಿಸ್, ಅದು ವಾಸಿಯಾಗದ ರೋಗ. ಮುಖಕ್ಕೆ ಕರ್ಚೀಫು ಕಟ್ಟಿದರೆ ಆ ಕಣಗಳು ನಿಲ್ಲುವುದಿಲ್ಲ. ಕೊರೆಯುವ ಹುಡುಗನಿಗೆ ಎನ್95 ಮಾಸ್ಕ್ ಮತ್ತು ಕನ್ನಡಕ ನೀವೇ ತಂದುಕೊಡಿ.

ಕೊರೆಯುವ ಪ್ರಮೇಯವೇ ಬಾರದ ಗೋಡೆಗಳೂ ಇವೆ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದ ರ‍್ಯಾಟ್ ಟ್ರ್ಯಾಪ್ ಕಟ್ಟಣೆಯಲ್ಲಿ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸುವುದರಿಂದ ಗೋಡೆಯ ನಡುವೆ ಟೊಳ್ಳು ಉಳಿಯುತ್ತದೆ, ಪೈಪಿಗೆ ಅದೇ ದಾರಿ. ಪ್ಲಾಸ್ಟರ್ ಬೇಡದ ಮಣ್ಣಿನ ಬ್ಲಾಕಿನ ಮನೆಗಳಲ್ಲಿ ತೋಡನ್ನು ಮುಚ್ಚಿಡಲು ಮಾರ್ಗವಿಲ್ಲ, ಪೈಪು ಗೋಡೆಯ ಜೊತೆಗೇ ಮೇಲೇಳಬೇಕು. ಎಲ್ಲಿ ಯಾವ ಸ್ವಿಚ್ ಎಂದು ಪಾಯ ಹಾಕುವಾಗಲೇ ತೀರ್ಮಾನಿಸುವ ಈ ಶಿಸ್ತು ನನಗೆ ತುಂಬ ಇಷ್ಟ.

ತೋಡಿನಲ್ಲಿ ಪೈಪನ್ನು ಬಿಗಿಯಾಗಿ ಕಟ್ಟಿ, ಧೂಳು ತೊಳೆದು, ನೆನೆಸಿ, ಗಾರೆ ತುಂಬಬೇಕು. ಮೇಲೆ ಎರಡೂ ಬದಿಗೆ ಚಾಚುವಂತೆ ಚಿಕನ್ ಮೆಶ್ ಬಡಿದರೆ ಪ್ಲಾಸ್ಟರಿನಲ್ಲಿ ಪೈಪಿನ ಗುಂಟ ಬಿರುಕು ಮೂಡುವುದು ಬಹಳ ಕಡಿಮೆಯಾಗುತ್ತದೆ. ಮುಚ್ಚುವ ಮುನ್ನ ಪ್ರತಿ ಗೋಡೆಗೂ ಟೇಪು ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಗೃಹಪ್ರವೇಶಕ್ಕೆ ಮುಂಚೆ ದೇವರ ಪಟಕ್ಕೆ ಮೊಳೆ ಹೊಡೆಯುವವರು ಅದನ್ನು ಕೇಳುತ್ತಾರೆ.