ಮರಳಿನ ಅಂಕಣದಲ್ಲಿ ಐದು ಜೋಡಿ

ಬೀಚ್ ವಾಲಿಬಾಲ್ ಎಂದೊಡನೆ ಕಡಲು, ಅಲೆ, ರಜೆಯ ಮೋಜು ಕಣ್ಣ ಮುಂದೆ ಬರುತ್ತವೆ. ಆದರೆ ಅಮೆರಿಕದ ಲಾಸ್ ಏಂಜಲೀಸ್ ನಗರದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರಿಗೆ ಈ ಆಟಕ್ಕೆ ಕಡಲತೀರವೇ ಬೇಕಿಲ್ಲ. ಆವರಣದೊಳಗೇ ಮರಳು ತುಂಬಿಸಿ ಅಂಕಣಗಳನ್ನು ಕಟ್ಟಿದ್ದಾರೆ. ತರಗತಿ ಮುಗಿಸಿ ಪುಸ್ತಕದ ಚೀಲ ಬದಿಗಿಟ್ಟರೆ ಆಟ ಶುರು.

ನಮ್ಮ ಶಾಲೆಗಳ ಅಂಗಳದ ವಾಲಿಬಾಲ್‌ನಲ್ಲಿ ತಂಡಕ್ಕೆ ಆರು ಮಂದಿ; ಇಲ್ಲಿ ಇಬ್ಬರೇ. ಅಲ್ಲಿನ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಇಲ್ಲಿನದು 16 ಮತ್ತು 8 ಮೀಟರ್. ಲೆಕ್ಕ ಹಾಕಿ ನೋಡಿ: ಅಲ್ಲಿ ಒಬ್ಬರ ಪಾಲಿಗೆ 13.5 ಚದರ ಮೀಟರ್ ಜಾಗ ಬಂದರೆ, ಇಲ್ಲಿ 32. ಬದಲಿ ಆಟಗಾರ್ತಿಯೂ ಇಲ್ಲ.

ಮರಳು ಬೇರೆ ಕಾಲೆಳೆಯುತ್ತದೆ. ಹೆಜ್ಜೆ ಊರಿದಾಗ ಕಣಗಳು ಜರುಗುತ್ತವೆ. ನಾವು ಹಾಕಿದ ಶಕ್ತಿಯ ಒಂದು ಪಾಲು ಅವುಗಳನ್ನು ಸರಿಸುವುದರಲ್ಲೇ ಸೋರಿಹೋಗುತ್ತದೆ. ಬೆಲ್ಜಿಯಂನ ವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ 1.6 ಪಟ್ಟು ಶಕ್ತಿ ಬೇಕು. ಇನ್ನು ಗಾಳಿ, ಬಿಸಿಲು ಒಂದೇ ಜೋಡಿಗೆ ಅನುಕೂಲವಾಗಬಾರದೆಂದು ಮೊದಲೆರಡು ಸೆಟ್‌ಗಳಲ್ಲಿ ಪ್ರತಿ 7 ಅಂಕಕ್ಕೊಮ್ಮೆ ಬದಿ ಬದಲಿಸುತ್ತಾರೆ.

ಕಾಲೇಜು ಪಂದ್ಯದ ಸೊಗಸು ಇರುವುದು ಇನ್ನೊಂದು ನಿಯಮದಲ್ಲಿ. ಪ್ರತಿ ವಿಶ್ವವಿದ್ಯಾಲಯದಿಂದ ಐದು ಜೋಡಿಗಳು ಆಡುತ್ತವೆ; ಮೂರು ಜೋಡಿ ಗೆದ್ದ ಕಡೆಗೆ ಜಯ. ಸಾರಾ ಹ್ಯೂಸ್ ಮತ್ತು ಕೆಲ್ಲಿ ಕ್ಲೇಸ್ ಎಂಬ ಇಲ್ಲಿನ ಜೋಡಿ ಸತತ 103 ಪಂದ್ಯ ಗೆದ್ದು ದಾಖಲೆ ಬರೆಯಿತು. ಆದರೂ ಪ್ರತಿ ಸಲ ತಂಡಕ್ಕೆ ಅದು ತಂದದ್ದು ಒಂದೇ ಅಂಕ. ಐದನೆಯ ಜೋಡಿ ಗೆದ್ದರೂ ಅಷ್ಟೇ ಅಂಕ!

ಈ ಅವಕಾಶ ತಾನಾಗಿ ಬಂದದ್ದಲ್ಲ. ಸರ್ಕಾರದ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು-ಗಂಡೆಂಬ ಭೇದ ಸಲ್ಲದೆಂದು ಅಮೆರಿಕ 1972ರಲ್ಲಿ ಕಾನೂನು ಮಾಡಿತು. ಆ ಬಳಿಕ ಹುಡುಗಿಯರ ಆಟಗಳಿಗೆ ಒಂದೊಂದಾಗಿ ಬಾಗಿಲು ತೆರೆಯಿತು. 2004, 2008 ಮತ್ತು 2012ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಮಿಸ್ಟಿ ಮೇ ಮತ್ತು ಕೆರಿ ವಾಲ್ಶ್ ವಿದ್ಯಾರ್ಥಿನಿಯರಾಗಿದ್ದಾಗ ಕಾಲೇಜುಗಳಲ್ಲಿ ಮರಳಿನ ಆಟಕ್ಕೆ ತಂಡವೇ ಇರಲಿಲ್ಲ. ಕಾಲೇಜಿನಲ್ಲಿ ಅವರು ಆಡಿದ್ದು ಒಳಾಂಗಣ ವಾಲಿಬಾಲ್. ಕಾಲೇಜುಗಳ ಮೊದಲ ಋತು ನಡೆದದ್ದು 2012ರಲ್ಲಿ. ಕನಿಷ್ಠ 40 ಸಂಸ್ಥೆಗಳು ತಂಡ ಕಟ್ಟಿದ ಮೇಲಷ್ಟೇ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಅರ್ಹತೆ ಸಿಕ್ಕಿ, 2016ರಲ್ಲಿ ಅದು ಆರಂಭವಾಯಿತು. ಆ ವರ್ಷ ಗೆದ್ದ ದಕ್ಷಿಣ ಕ್ಯಾಲಿಫೋರ್ನಿಯಾ 2024ರ ಹೊತ್ತಿಗೆ ಆರು ಬಾರಿ ಪ್ರಶಸ್ತಿ ಪಡೆದಿತ್ತು. 2025ರಲ್ಲಿ ಗೆದ್ದದ್ದು ಕಡಲಿನಿಂದ ನೂರಾರು ಕಿಲೋಮೀಟರ್ ದೂರದ ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ.

ಹಾಗಾದರೆ ಓದಿನ ಗತಿ? ಪಾಲಕರ ಈ ಪ್ರಶ್ನೆಗೂ ನಿಯಮದಲ್ಲೇ ಉತ್ತರವಿದೆ. ಪಂದ್ಯಗಳ ಕಾಲದಲ್ಲೂ ವಾರಕ್ಕೆ 20 ಗಂಟೆಗಿಂತ ಹೆಚ್ಚು ತರಬೇತಿ, ಆಟ ಕೂಡದು. ಒಂದು ದಿನ ಬಿಡುವು ಕಡ್ಡಾಯ. ಓದಿನಲ್ಲಿ ನಿಗದಿತ ಮಟ್ಟ ಮುಟ್ಟದವರಿಗೆ ಅಂಕಣಕ್ಕೆ ಪ್ರವೇಶವಿಲ್ಲ. ಪ್ರಯಾಣದ ವೇಳೆ ಈ ಲೆಕ್ಕಕ್ಕೆ ಸೇರದ್ದರಿಂದ ಪುಸ್ತಕಗಳೂ ಚೆಂಡಿನ ಜೊತೆಗೇ ಊರೂರು ಸುತ್ತುತ್ತವೆ.

ಹ್ಯೂಸ್ ಮತ್ತು ಕ್ಲೇಸ್ 2023ರಲ್ಲಿ ಮೆಕ್ಸಿಕೊದಲ್ಲಿ ವಿಶ್ವ ಚಾಂಪಿಯನ್ನರಾದರು. ಎಲ್ಲರಿಗೂ ಆ ಭಾಗ್ಯ ಬರುವುದಿಲ್ಲ, ನಿಜ. ಆದರೆ ಐದನೆಯ ಜೋಡಿಯ ಹುಡುಗಿಯೂ ತನ್ನ ತಂಡಕ್ಕೆ ಒಂದು ಅಂಕ ತಂದುಕೊಟ್ಟು, ಕೈಯಲ್ಲಿ ಪದವಿ ಹಿಡಿದು ಹೊರಬರಬಹುದು. ಮಗಳು ಆಟದ ಬಯಲಿಗೆ ಹೊರಟಾಗ ಪಾಲಕರು ನೆನೆಯಬೇಕಾದದ್ದು ಇದನ್ನು.