ಹೊಸ ಆವೃತ್ತಿ ಬಂದರೆ ಹಳೆಯ ಆಟದ ಗತಿ ಏನು?

ಬೋನಾಳ ಕೆರೆಯ ಏರಿಯ ಮೇಲೆ ನಡುರಾತ್ರಿ ನಾಲ್ವರು ನಿಂತಿದ್ದಾರೆ ಎಂದುಕೊಳ್ಳಿ. ಬೆಳಗಾಗುವುದರೊಳಗೆ ಸುರಪುರದ ಕೋಟೆಗೆ ಒಂದು ಪತ್ರ ಮುಟ್ಟಿಸಬೇಕು. ಒಬ್ಬ ಬಿಲ್ಲುಗಾರ, ಒಬ್ಬಳು ನಾಟಿ ವೈದ್ಯೆ, ಒಬ್ಬ ಮಂತ್ರವಾದಿ, ಇನ್ನೊಬ್ಬ ಸೆರೆಯಿಂದ ತಪ್ಪಿಸಿಕೊಂಡು ಬಂದ ಕಳ್ಳ. ಜೊಂಡಿನೊಳಗೆ ಏನೋ ಸರಿದ ಸದ್ದು. ‘ಈಗ ಏನು ಮಾಡುತ್ತೀರಿ?’ ಎಂದು ಐದನೆಯವನು ಕೇಳುತ್ತಾನೆ. ‘ಬಾಣ ಬಿಡುತ್ತೇನೆ’ ಎನ್ನುತ್ತಾನೆ ಬಿಲ್ಲುಗಾರ. ಇಪ್ಪತ್ತು ಮುಖದ ದಾಳ ಉರುಳುತ್ತದೆ. ಬಿದ್ದದ್ದು ಮೂರು. ಬಾಣ ನೀರಿಗೆ ಬಿತ್ತು, ಜೊಂಡಿನಲ್ಲಿದ್ದುದು ಎಚ್ಚೆತ್ತಿತು.

ವಾಸ್ತವದಲ್ಲಿ ಈ ಐವರೂ ಕುಳಿತಿರುವುದು ಯಾರದೋ ಮನೆಯ ಪಡಸಾಲೆಯಲ್ಲಿ. ನಡುವೆ ಒಂದಿಷ್ಟು ಕಾಗದ, ಪೆನ್ಸಿಲು, ದಾಳ, ಒಂದು ತಟ್ಟೆ ಚುರುಮುರಿ. ಜಗತ್ತಿನ ಅನೇಕ ದೇಶಗಳಲ್ಲಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ಸ್ವರೂಪ ಸ್ಥೂಲವಾಗಿ ಇಷ್ಟೇ. ನಮ್ಮಲ್ಲಿ ಇದಕ್ಕೆ ಹತ್ತಿರವಾದುದನ್ನು ಹುಡುಕುವುದಾದರೆ ಕರಾವಳಿಯ ತಾಳಮದ್ದಳೆಯನ್ನು ಹೆಸರಿಸಬೇಕಾಗುತ್ತದೆ. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಒಬ್ಬರು ಕರ್ಣ, ಇನ್ನೊಬ್ಬರು ಕೃಷ್ಣ. ಮಾತು ಅಲ್ಲಲ್ಲೇ ಹುಟ್ಟುತ್ತದೆ. ಆದರೆ ಕರ್ಣ ಸಾಯುವುದು ಎಲ್ಲರಿಗೂ ಮೊದಲೇ ಗೊತ್ತು. ಈ ಆಟದಲ್ಲಿ ಅದನ್ನು ದಾಳ ಹೇಳಬೇಕು.

ಈ ಆಟವನ್ನು ರೂಪಿಸಿದವರು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. 1974ರಲ್ಲಿ ಕೇವಲ ಸಾವಿರ ಪ್ರತಿಗಳ ಪೆಟ್ಟಿಗೆಯಾಗಿ ಅದು ಹೊರಬಂದಿತು. ಮೂರೇ ವರ್ಷಗಳ ನಂತರ ಬಂದ ಭೂತಬೇತಾಳಗಳ ಪುಸ್ತಕದಲ್ಲಿ ನಮ್ಮ ರಾಕ್ಷಸನಿಗೂ ಸ್ಥಾನ ದೊರೆಯಿತು, ಹುಲಿಯ ತಲೆಯೊಂದಿಗೆ! ಅದು ಎಲ್ಲಿಂದ ಬಂತೆಂದು ನಮ್ಮ ಅಜ್ಜಿಯರು ಖಂಡಿತ ಕೇಳುತ್ತಿದ್ದರು.

ಇಂಥ ಆಟಕ್ಕೆ ಆಗಾಗ ‘ಹೊಸ ಆವೃತ್ತಿ’ ಬರುತ್ತದೆ. ನಿಯಮಗಳನ್ನು ತಿದ್ದಿ, ಸೇರಿಸಿ, ಕೆಲವನ್ನು ಕೈಬಿಟ್ಟು ಪುಸ್ತಕಗಳನ್ನು ಮತ್ತೆ ಅಚ್ಚು ಹಾಕುತ್ತಾರೆ. ಸುದ್ದಿ ಹೊರಬಿದ್ದ ದಿನದಿಂದಲೇ ಆಟಗಾರರಲ್ಲಿ ನಿರೀಕ್ಷೆ, ಅದರ ಬೆನ್ನಿಗೇ ಅಂಜಿಕೆ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಹತ್ತು ವರ್ಷ ಒಂದೇ ಬಿಲ್ಲುಗಾರನನ್ನು ಬೆಳೆಸಿದವನಿಗೆ ಹಾಗಲ್ಲ. ಹೊಸ ಪುಸ್ತಕದಲ್ಲಿ ಬಿಲ್ಲಿನ ನಿಯಮ ಬದಲಾದರೆ ಅವನ ಬಿಲ್ಲುಗಾರನೇ ಬೇರೆ ಮನುಷ್ಯನಾಗುತ್ತಾನೆ.

ಈ ಅಂಜಿಕೆಗೆ ಕಾರಣವಿಲ್ಲದಿಲ್ಲ. 2000ದಲ್ಲಿ ಮೂರನೆಯ ಆವೃತ್ತಿ ಬಂದಾಗ ಪ್ರಕಾಶಕರು ಒಂದು ಮುಕ್ತ ಪರವಾನಗಿಯನ್ನೂ ಕೊಟ್ಟರು. ಮೂಲ ನಿಯಮಗಳನ್ನು ಬಳಸಿ ಯಾರು ಬೇಕಾದರೂ ತಮ್ಮ ಕಥೆ, ತಮ್ಮ ಪುಸ್ತಕ ಬರೆದು ಮಾರಬಹುದೆಂಬುದು ಅದರ ತಾತ್ಪರ್ಯ. 2008ರ ನಾಲ್ಕನೆಯ ಆವೃತ್ತಿ ಅನೇಕರಿಗೆ ಹಿಡಿಸಲಿಲ್ಲ. ಕಂಪ್ಯೂಟರ್ ಆಟದಂತಾಯಿತು ಎಂಬ ದೂರು ಕೇಳಿಬಂತು. ಮರುವರ್ಷವೇ ಇನ್ನೊಂದು ಸಂಸ್ಥೆ ಮೂರನೆಯ ಆವೃತ್ತಿಯ ನಿಯಮಗಳನ್ನೇ ಆಧರಿಸಿ ‘ಪಾಥ್‌ಫೈಂಡರ್’ ಎಂಬ ಆಟ ತಂದಿತು, ಮುನಿಸಿಕೊಂಡವರು ಅತ್ತ ನಡೆದರು. ಆದ್ದರಿಂದ 2014ರ ಐದನೆಯ ಆವೃತ್ತಿಗೆ ಮುನ್ನ ಕರಡು ನಿಯಮಗಳನ್ನು ಆಟಗಾರರ ಮುಂದಿಟ್ಟು ಎರಡು ವರ್ಷ ಅಭಿಪ್ರಾಯ ಕೇಳಲಾಯಿತು.

ನಿಜವಾದ ಬಿಕ್ಕಟ್ಟು ಬಂದದ್ದು 2023ರ ಜನವರಿಯಲ್ಲಿ. ಇನ್ನೊಂದು ಪರಿಷ್ಕರಣೆ ಸಿದ್ಧವಾಗುತ್ತಿದ್ದ ಹೊತ್ತಿನಲ್ಲೇ ಪ್ರಕಾಶಕರ ಹೊಸ ಪರವಾನಗಿಯ ಕರಡು ಸೋರಿಕೆಯಾಯಿತು. ಹಳೆಯ ಪರವಾನಗಿ ರದ್ದು, ದೊಡ್ಡ ಗಳಿಕೆಯವರಿಂದ ರಾಯಧನ ವಸೂಲಿ ಎಂದು ಅದರಲ್ಲಿತ್ತು. ಇಪ್ಪತ್ತು ವರ್ಷಗಳಿಂದ ಆ ನಿಯಮಗಳನ್ನು ನಂಬಿ ಬರೆದು ಬದುಕಿದ ಸಣ್ಣಪುಟ್ಟ ಲೇಖಕರ ಹೊಟ್ಟೆಯ ಪ್ರಶ್ನೆ ಅದು. ಆಟಗಾರರು ಸಿಟ್ಟಿನಿಂದ ಚಂದಾ ನಿಲ್ಲಿಸತೊಡಗಿದರು. ತಿಂಗಳು ಮುಗಿಯುವ ಮೊದಲೇ ಸಂಸ್ಥೆ ಹಿಂದೆ ಸರಿದು, ಮೂಲ ನಿಯಮಗಳನ್ನು ಮರಳಿ ಪಡೆಯಲಾಗದ ರೀತಿಯಲ್ಲಿ ಸಾರ್ವಜನಿಕ ಬಳಕೆಗೆ ಬಿಟ್ಟುಕೊಟ್ಟಿತು. 2024ರಲ್ಲಿ ಪರಿಷ್ಕೃತ ಪುಸ್ತಕ ಬಂದಾಗ ಅದನ್ನು ‘ಆರನೆಯ ಆವೃತ್ತಿ’ ಎಂದು ಕರೆಯುವ ಧೈರ್ಯ ಮಾಡಲಿಲ್ಲ. ಹಳೆಯ ಪುಸ್ತಕಗಳ ಜೊತೆಗೇ ಬಳಸಬಹುದು ಎಂದು ಸಮಾಧಾನ ಹೇಳಿತು.

ಹೊಸ ಆವೃತ್ತಿ ತರುವ ಹಂಬಲ ಕರ್ನಾಟಕಕ್ಕೆ ಹೊಸದೇನಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಈ ವಿಷಯದಲ್ಲಿ ಅದ್ವಿತೀಯರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಅರಸರಿಗೆ ಬಿಡುವು ಧಾರಾಳವಾಗಿತ್ತು. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟುವ ಒಗಟನ್ನು ಅವರು ಬಿಡಿಸಿದರು, ಹೊಸ ಹೊಸ ಹಾಸುಗಳನ್ನು ಕಲ್ಪಿಸಿದರು. ಎಲ್ಲಕ್ಕಿಂತ ಹೆಚ್ಚಾಗಿ ಗಂಜೀಫಾ ಎಲೆಗಳ ಆಟವನ್ನು ಬೆಳೆಸಿದರು. ರೂಢಿಯ ದಶಾವತಾರ ಗಂಜೀಫಾಕ್ಕೆ 120 ಎಲೆ: ಹತ್ತು ಅವತಾರ, ಒಂದೊಂದಕ್ಕೆ ಹನ್ನೆರಡು. ಅರಸರ ಚಾಮುಂಡೇಶ್ವರಿ ಛದಕ್ಕೆ 320! ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಇಂಥ ಆಟಗಳ ವಿವರವಿದೆ.

ಎಲೆಯೊಂದೊಂದೂ ಒಂದು ಚಿತ್ರ. ಸೊಬಗಿನಲ್ಲಿ ಅದನ್ನು ಮೀರಿಸಿದ ಎಲೆ ಸಿಗುವುದು ಕಷ್ಟ. ಆದರೆ 320 ಎಲೆಗಳನ್ನು ಹಂಚಿ, ದೇವತೆಗಳನ್ನೂ ಪರಿವಾರವನ್ನೂ ನೆನಪಿಟ್ಟು ಆಡಲು ಅರಮನೆಯಷ್ಟೇ ಬಿಡುವು ಬೇಕು. ಆ ಛದಗಳು ಊರಿನ ಜಗಲಿಗಳಿಗೆ ಇಳಿಯಲಿಲ್ಲ. ಇಂದು ನೋಡಸಿಗುವುದು ಸಂಗ್ರಹಗಳಲ್ಲಿ. ಎಲ್ಲ ತಪ್ಪನ್ನೂ ಅರಸರ ಉತ್ಸಾಹದ ಮೇಲೆ ಹೊರಿಸುವುದೂ ನ್ಯಾಯವಲ್ಲ. ಅಗ್ಗದ ಇಸ್ಪೀಟು ಬಂದ ಮೇಲೆ 120 ಎಲೆಯ ಹಳೆಯ ಗಂಜೀಫಾ ಕೂಡ ಮೂಲೆ ಸೇರಿತಲ್ಲ!

ಇನ್ನು ಯಾವ ಪ್ರಕಾಶಕನೂ ಇಲ್ಲದ, ಯಾರೂ ಪರಿಷ್ಕರಿಸದ ಚೌಕಾಬಾರವಿದೆ. ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದರೆ ಹಾಸು ಸಿದ್ಧ. ನಾಲ್ಕು ಕವಡೆ ಇಲ್ಲದಿದ್ದರೆ ಹುಣಿಸೆ ಬೀಜ ಒಡೆದರಾಯಿತು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರಾ, ಅಂದರೆ ಎಂಟು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎನ್ನುವುದು ಕೆಲವರ ನಿಯಮ. ಹೋಗಬಹುದು ಎನ್ನುವುದು ಇನ್ನು ಕೆಲವರದು. ಸೊಸೆ ತವರಿನ ನಿಯಮ ತಂದರೆ ಅತ್ತೆಯ ಮನೆಯಲ್ಲಿ ಅರ್ಧ ಗಂಟೆ ಜಗಳ, ಆಮೇಲೆ ಒಂದು ಒಪ್ಪಂದ, ಆಟ ಶುರು.

ಡಂಜನ್ಸ್ ಆಟಗಾರರೂ ಬಹುತೇಕ ಹೀಗೆಯೇ. ಒಂದೊಂದು ಗುಂಪಿಗೂ ತನ್ನದೇ ‘ಮನೆಯ ನಿಯಮ’ಗಳಿವೆ. ಹೊಸ ಪುಸ್ತಕ ಕೊಂಡು, ಮೆಚ್ಚಿದ ಎರಡು ಪುಟ ಇಟ್ಟುಕೊಂಡು, ಉಳಿದುದಕ್ಕೆ 2014ರದನ್ನೇ ತೆರೆಯುವವರಿದ್ದಾರೆ. 1974ರ ನಿಯಮಗಳಲ್ಲೇ ಇಂದಿಗೂ ಆಡುವವರೂ ಇದ್ದಾರೆ.